ಅಂಗಳದ ಆ ಜಾಗಕ್ಕೆ ಎಷ್ಟು ಡೇರೆ ಗಡ್ಡೆ ಬೇಕು?

ಹೊಸನಗರದ ಹತ್ತಿರ ಹೊಸ ಮನೆ ಕಟ್ಟಿಸಿ, ಅಂಗಳದಲ್ಲಿ 10 ಅಡಿ ಉದ್ದ, 6 ಅಡಿ ಅಗಲದ ಜಾಗ ಡೇರೆ ಹೂವಿಗೆಂದೇ (ಡೇಲಿಯಾ) ಬಿಟ್ಟಿದ್ದೀರಿ. 25 ಗಡ್ಡೆಯ ಪ್ಯಾಕೆಟ್ ತರಿಸಲೋ, 50ರದ್ದು ತರಿಸಲೋ ಎಂದು ಕೇಳಿದ್ದೀರಿ. ಎರಡೂ ಹೆಚ್ಚಾಯಿತು. ನೆಲಕ್ಕೆ ಹತ್ತು, ಕೊಟ್ಟೆಯಲ್ಲಿ (ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ) ನಾಲ್ಕು. ಮೊದಲ ವರ್ಷಕ್ಕೆ ಅಷ್ಟು ಸಾಕು.

ಹತ್ತು ಹೇಗೆ ಬಂತು ಎಂದರೆ, ದೊಡ್ಡ ಹೂವಿನ ಡೇರೆಗೆ ಗಿಡದಿಂದ ಗಿಡಕ್ಕೆ ಎರಡು ಅಡಿ ಬೇಕು. ಕಾಗದದ ಮೇಲೆ ಲೆಕ್ಕ ಹಾಕಿದರೆ ನಿಮ್ಮ ಜಾಗದಲ್ಲಿ ಐದೈದರ ಮೂರು ಸಾಲು, ಹದಿನೈದು ಗಿಡ ಹಿಡಿಸುತ್ತದೆ. ಆದರೆ ಆಷಾಢದ ಮಳೆಯಲ್ಲಿ ನಡುವಿನ ಸಾಲಿನ ಬುಡಕ್ಕೆ ಕೈ ಹಾಕುವುದು ಹೇಗೆ? ಅದಕ್ಕೇ ಆಚೆಗೊಂದು ಈಚೆಗೊಂದು, ಎರಡಡಿ ಅಗಲದ ಏರುಮಡಿ ಮಾಡಿ. ನಡುವೆ ಎರಡಡಿ ಬಿಡಿ. ಅದೇ ನಿಮಗೆ ಓಡಾಡಲು ದಾರಿ, ಅದೇ ನೀರು ಹರಿದುಹೋಗಲು ಕಾಲುವೆ. ಡೇರೆಯ ಮೂಲ ಮೆಕ್ಸಿಕೋದ ಗುಡ್ಡಗಾಡು. ನಮ್ಮ ಮಳೆಗಾಲದ ತಂಪು ಅದಕ್ಕೆ ಇಷ್ಟ, ಬುಡದಲ್ಲಿ ನಿಂತ ನೀರು ಮಾತ್ರ ಆಗುವುದೇ ಇಲ್ಲ. ಗುಂಡಿನಂಥ ಸಣ್ಣ ಹೂವಿನ ಜಾತಿಯಾದರೆ ಒಂದೂಕಾಲು ಅಡಿಗೊಂದು ನೆಡಬಹುದು.

ಇನ್ನು ಆ ಪ್ಯಾಕೆಟ್ ವಿಷಯ. ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆ ಗಡ್ಡೆಗೆ ಹಾಗಲ್ಲ. ಹಳೆಯ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯ ಜಾಗದಲ್ಲಿ ಮಾತ್ರ ಕಣ್ಣು ಇರುತ್ತದೆ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪವಿರಲಿ, ಮಣ್ಣಲ್ಲಿ ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದು ಕೊನೆಗೆ ಕೊಳೆಯುತ್ತದೆ. ಆದ್ದರಿಂದ ಎಣಿಸಬೇಕಾದ್ದು ಕಣ್ಣನ್ನು. ಕಿರುಬೆರಳ ಗಾತ್ರದ ಗಡ್ಡೆಗೆ ಒಂದು ಕೆಂಪು ಮೊಳಕೆ ಇದ್ದರೆ ಅದೇ ಒಂದು ಗಿಡ. ಇಡೀ ಗೊಂಚಲು ಸಿಕ್ಕರೆ ಕತ್ತರಿಸುವ ಅವಸರ ಬೇಡ. ಮೇ ತಿಂಗಳಲ್ಲಿ ಒದ್ದೆ ಮರಳಿನ ಮೇಲಿಟ್ಟು ಮೊಳಕೆ ಕಾಣಿಸಲಿ, ಆಮೇಲೆ ಪ್ರತಿ ತುಂಡಿಗೂ ಒಂದು ಮೊಳಕೆ ಬರುವಂತೆ ಸೀಳಿ, ಗಾಯಕ್ಕೆ ಒಲೆಯ ಬೂದಿ ಹಚ್ಚಿ. ಒಂದರಲ್ಲೇ ನಾಲ್ಕೈದು ಕುಡಿ ಬಂದರೆ ಒಂದೆರಡು ಉಳಿಸಿಕೊಂಡು, ಮಿಕ್ಕಿದ್ದನ್ನು ಬುಡದಿಂದ ಕೊಯ್ದು ಮರಳಲ್ಲಿ ಚುಚ್ಚಿ. ಅವೂ ಬೇರು ಬಿಡುತ್ತವೆ. ಹೀಗಿರುವಾಗ 50 ಗಡ್ಡೆಗೆ ದುಡ್ಡು ಸುರಿಯುವುದೇಕೆ?

ಕೊಟ್ಟೆಯ ನಾಲ್ಕು ಯಾಕೆ ಅಂದರೆ, ಆಗಸ್ಟ್ ಮೊದಲಿಗೆ ಪುಷ್ಯ ಮಳೆ ಮುಗಿಯುವುದರೊಳಗೆ ಮಡಿಯಲ್ಲಿ ಒಂದೆರಡು ಗಿಡ ಹೋಗಿಯೇ ಹೋಗುತ್ತವೆ. ಗಡ್ಡೆ ಕೊಳೆಯುತ್ತದೆ, ಇಲ್ಲವೇ ಎಳೆ ಕುಡಿಯನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಮುಗಿಸಿಬಿಡುತ್ತದೆ. ಜಗುಲಿಯ ಅಂಚಿನಲ್ಲಿ ಕೊಟ್ಟೆಯ ಗಿಡ ಇದ್ದರೆ ಆ ಜಾಗ ತುಂಬಬಹುದು.

ನನಗೂ ನಿಮ್ಮ ಹಾಗೇ ಆಸೆ ಇತ್ತು. ಸಿದ್ದಾಪುರದ ಕಡೆಯ ನಮ್ಮನೆಗೆ ಮದುವೆಯಾಗಿ ಬಂದ ಎರಡನೇ ವರ್ಷ, ತವರಿಂದ ತಂದದ್ದು, ಅತ್ತೆಯವರು ಇಟ್ಟಿದ್ದು ಎಲ್ಲ ಸೇರಿಸಿ ನಲವತ್ತು ಗಡ್ಡೆಯನ್ನು ನಿಮ್ಮದಕ್ಕಿಂತ ಸ್ವಲ್ಪವೇ ದೊಡ್ಡ ಮಡಿಯಲ್ಲಿ ಒತ್ತೊತ್ತಾಗಿ ನೆಟ್ಟೆ. ಆ ಜುಲೈನಲ್ಲಿ ಗಾಳಿ ಮಳೆ ಬಿಡಲಿಲ್ಲ. ತೋಟದ ಕೆಲಸದ ನಡುವೆ ನಲವತ್ತಕ್ಕೂ ಗೂಟ ಕಟ್ಟಲು ಆಗಲಿಲ್ಲ. ಒಂದರ ಮೇಲೊಂದು ಬಿದ್ದವು, ಕೆಳಗಿನ ಎಲೆ ಕೊಳೆಯಿತು, ಚೌತಿಯ ಹೊತ್ತಿಗೆ ಹೂ ಕಂಡದ್ದು ಒಂಬತ್ತೋ ಹತ್ತೋ ಗಿಡದಲ್ಲಿ. ಹೋದದ್ದರಲ್ಲಿ ಅತ್ತೆಯವರು ಅವರ ಅಮ್ಮನ ಮನೆಯಿಂದ ತಂದಿದ್ದ, ತುದಿಗೆ ಬಿಳಿ ಅಂಚಿನ ಕಡುಕೆಂಪು ಡೇರೆಯೂ ಇತ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ನಾನೇ ಮಡಿಯೆಲ್ಲ ಕೆದಕಿ ಹುಡುಕಿದೆ, ಒಂದು ಚೂರೂ ಉಳಿದಿರಲಿಲ್ಲ.

ಮೂರು ವರ್ಷದ ಮೇಲೆ ಮೇಲಿನಮನೆ ಅಕ್ಕ ಅದರದ್ದೇ ಗಡ್ಡೆಯೊಂದನ್ನು ತಂದುಕೊಟ್ಟರು. ಅತ್ತೆಯವರು ಎಂದೋ ಕೊಟ್ಟದ್ದು ಅವರ ಹಿತ್ತಿಲಲ್ಲಿ ಬದುಕಿತ್ತು. ಅಂದಿನಿಂದ ನನ್ನ ಲೆಕ್ಕ ಬೇರೆ. ಒಂದು ಬಣ್ಣಕ್ಕೆ ಮಡಿಯಲ್ಲಿ ಎರಡು ಗಿಡ, ಕೊಟ್ಟೆಯಲ್ಲಿ ಒಂದು, ಇನ್ನೊಬ್ಬರ ಮನೆಯಲ್ಲಿ ಒಂದು. ನೀವೂ ಹತ್ತು ಜಾಗಕ್ಕೆ ಹತ್ತು ಬಣ್ಣ ಹುಡುಕಬೇಡಿ, ಐದು ಬಣ್ಣ ಎರಡೆರಡು ಇರಲಿ. ಆ ಐದನ್ನೂ ಊರಲ್ಲೇ ಕೇಳಿ ನೋಡಿ. ಮೇ ತಿಂಗಳಲ್ಲಿ ಡೇರೆ ಗಡ್ಡೆ ಕೇಳಿಕೊಂಡು ಬಂದವರನ್ನು ಮಲೆನಾಡಿನ ಹೆಂಗಸರು ಬರಿಗೈಯಲ್ಲಿ ಕಳಿಸುವುದು ಕಡಿಮೆ.

ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು, ಹಸಿ ಸಗಣಿ ಬೇಡ. ಮೇ ಕೊನೆಯ ರೋಹಿಣಿ ಮಳೆ ಬಿದ್ದು ನೆಲ ತಂಪಾದ ಮೇಲೆ ನೆಡಿ. ಹೂವಿಗೆ ಎರಡೂವರೆ ಮೂರು ತಿಂಗಳು ಬೇಕು. ಜೂನ್ ಮೂರನೇ ವಾರಕ್ಕೆ ಮುಗಿಯುವ ಮೃಗಶಿರ ಮಳೆ ದಾಟಿದರೆ ಚೌತಿಗೆ ಹೂ ಕಷ್ಟ, ದಸರೆಗೆ ಸಿಕ್ಕೀತು. ಅಡಿಕೆ ಮರ ಸೀಳಿದ ದಬ್ಬೆಯ ಗೂಟವನ್ನು ನೆಡುವ ದಿನವೇ ಹುಗಿಯಿರಿ. ಆಮೇಲೆ ಹುಗಿದರೆ ಕೆಳಗಿನ ಗಡ್ಡೆಗೇ ಚುಚ್ಚುತ್ತದೆ. ಕಟ್ಟಲು ಬಾಳೆಪಟ್ಟೆ ಅಥವಾ ಹಳೇ ಸೀರೆಯ ಪಟ್ಟಿ ಒಳ್ಳೆಯದು, ಪ್ಲಾಸ್ಟಿಕ್ ದಾರ ಕಾಂಡ ಕೊಯ್ಯುತ್ತದೆ.

ಹೂ ಇರುವಾಗಲೇ ಪ್ರತಿ ಗಿಡಕ್ಕೂ ಬಣ್ಣ ಬರೆದ ಚೀಟಿ ಕಟ್ಟಿಬಿಡಿ. ಗಡ್ಡೆ ನೋಡಿ ಬಣ್ಣ ಹೇಳಲು ಬರುವುದಿಲ್ಲ. ದೀಪಾವಳಿ ಕಳೆದು ಗಿಡ ಒಣಗಿದ ಮೇಲೆ ಕಿತ್ತರೆ ಒಂದೊಂದು ಬುಡದಲ್ಲೂ ಗೊಂಚಲೇ ಸಿಗುತ್ತದೆ. ಬರುವ ವರ್ಷ ಎಷ್ಟು ನೆಡಬೇಕು, ಯಾರಿಗೆ ಕೊಡಬೇಕು ಎಂದು ಆಗ ಕೇಳಿ. ಬಿಳಿ ಅಂಚಿನ ಕಡುಕೆಂಪು ನಿಮಗೆ ಬೇಕಿದ್ದರೆ ಈಗಲೇ ತಿಳಿಸಿ, ಈ ಸಲ ನನ್ನ ಹತ್ತಿರ ಮೊಳಕೆ ಬಂದ ಎರಡು ಹೆಚ್ಚಿಗೆ ಇವೆ.