ಆ ನೂರು ಡಿಗ್ರಿಯಲ್ಲ, ನಿಮಿಷ

ಪ್ರಶ್ನೆ: ಮೇಡಂ, ಮಣ್ಣಿನ ಪಾತ್ರೆ ಸುಡಲು ಹೊಸದಾಗಿ ಎಲೆಕ್ಟ್ರಿಕ್ ಕಿಲ್ನ್ (ಗೂಡು) ತಂದಿದ್ದೇನೆ. ಅದಕ್ಕೆ ಡಿಜಿಟಲ್ ಕಂಟ್ರೋಲರ್ ಇದೆ. ಗಂಟೆಗೆ 100 ಡಿಗ್ರಿಯಂತೆ 600ರವರೆಗೆ ಏರಲಿ ಎಂದು ಸಿ-01ಕ್ಕೆ 30, ಟಿ-01ಕ್ಕೆ 100, ಸಿ-02ಕ್ಕೆ 600 ಕೊಟ್ಟೆ. ಅರ್ಧ ಗಂಟೆಯೊಳಗೆ ಒಳಗಿನಿಂದ ಪಟ್ ಪಟ್ ಸದ್ದು! 11 ಬಟ್ಟಲುಗಳಲ್ಲಿ 4 ಚೂರುಚೂರು. ಒಂದು ವಾರ ಒಣಗಿಸಿದ್ದೆ. ಕಂಟ್ರೋಲರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಪಾಪ, ನೀವು ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿದೆ. ಸಿ, ಟಿ ಎಂದು ಸಾಲು ಕೇಳುವ ಕಂಟ್ರೋಲರ್‌ಗಳಲ್ಲಿ ಸಿ ಅಂದರೆ ತಾಪಮಾನ, ಟಿ ಅಂದರೆ ಮುಂದಿನ ತಾಪಮಾನ ಮುಟ್ಟಲು ಬೇಕಾದ ಸಮಯ. ಅದೂ ಸಾಮಾನ್ಯವಾಗಿ ನಿಮಿಷಗಳಲ್ಲಿ. ಗಂಟೆಗೆ ಎಷ್ಟು ಡಿಗ್ರಿ ಎಂದು ನೇರವಾಗಿ ಕೇಳುವ ಕಂಟ್ರೋಲರ್‌ಗಳೂ ಇವೆ, ಗೊಂದಲ ಹುಟ್ಟುವುದೇ ಅಲ್ಲಿ. ನೀವು ಕೊಟ್ಟ 100 ಅದರ ಲೆಕ್ಕದಲ್ಲಿ 100 ನಿಮಿಷ.

ಈಗ ನೋಡಿ. 30ರಿಂದ 600ಕ್ಕೆ 570 ಡಿಗ್ರಿ. ಅದನ್ನು 100 ನಿಮಿಷದಲ್ಲಿ ಏರಬೇಕಾದರೆ ನಿಮಿಷಕ್ಕೆ 5.7 ಡಿಗ್ರಿ. ಅಂದರೆ ಸುಮಾರು ಹನ್ನೆರಡೇ ನಿಮಿಷಕ್ಕೆ ಕಿಲ್ನ್ 100 ಡಿಗ್ರಿ ದಾಟಿದೆ. ಮಣ್ಣಿನೊಳಗೆ ಉಳಿದಿದ್ದ ನೀರು ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ, ಗೋಡೆಯನ್ನೇ ಒಡೆದು ಬಂದಿದೆ. ಒಂದು ವಾರ ಒಣಗಿಸಿದ್ದು ಸರಿ, ಆದರೆ ಮುಟ್ಟಿದರೆ ಒಣಗಿದಂತೆ ಕಾಣುವ ಬಟ್ಟಲಿನಲ್ಲೂ ತೇವ ಇರುತ್ತದೆ. ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ಒಣಗಬೇಕು.

ನೀವು ಬಯಸಿದ ವೇಗಕ್ಕೆ ಅಲ್ಲಿ 342 ಬರೆಯಬೇಕಿತ್ತು. ಆದರೆ ಅದನ್ನೂ ನಾನು ಬರೆಯುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಸುಡುವಿಕೆ ಹೀಗಿದೆ: 30ರಿಂದ 90ಕ್ಕೆ 120 ನಿಮಿಷ. 90ರಲ್ಲೇ ಇನ್ನೊಂದು 120 ನಿಮಿಷ ನಿಲ್ಲಬೇಕು, ಗೋಡೆ ದಪ್ಪವಿದ್ದರೆ ಇಡೀ ರಾತ್ರಿ. ಅಲ್ಲಿಂದ 600ಕ್ಕೆ 306 ನಿಮಿಷ. 600ರಿಂದ 1000ಕ್ಕೆ 160 ನಿಮಿಷ. ಕೊನೆಗೆ 10 ನಿಮಿಷ ನಿಲುಗಡೆ. 600ರವರೆಗೆ ಅವಸರ ಬೇಡ ಎನ್ನಲು ಕಾರಣ ಇದೆ. ಮಣ್ಣಿನ ಕಣಗಳಲ್ಲೇ ಬೆಸೆದುಕೊಂಡಿರುವ ನೀರು ಹೋಗುವುದು ಸುಮಾರು 450ರಿಂದ 600ರ ನಡುವೆ. 573ರಲ್ಲಿ ಕ್ವಾರ್ಟ್ಜ್ ಹರಳು ತಟ್ಟನೆ ಹಿಗ್ಗುತ್ತದೆ. ತಣಿಯುವಾಗ ಅದೇ ಜಾಗದಲ್ಲಿ ತಟ್ಟನೆ ಕುಗ್ಗುತ್ತದೆ.

ಇನ್ನೊಂದು ಮಾತು. ನಿಮ್ಮ ಕೊನೆಯ ಸಾಲಿನ ನಂತರ ಮುಗಿಸುವ ಸಂಕೇತ ಹಾಕಿದ್ದೀರಾ? ಇಂಥ ಹಲವು ಕಂಟ್ರೋಲರ್‌ಗಳಲ್ಲಿ ಟಿ ಜಾಗಕ್ಕೆ ಮೈನಸ್ 121 ಕೊಟ್ಟರೆ ಪ್ರೋಗ್ರಾಂ ನಿಲ್ಲುತ್ತದೆ. ನಿಮ್ಮದಕ್ಕೆ ಏನು ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಾಕದಿದ್ದರೆ ಮುಂದಿನ ಸಾಲಿನಲ್ಲಿ ಯಾವುದೋ ಹಳೇ ಅಂಕಿ ಕೂತಿದ್ದರೆ ಅದನ್ನೂ ಓಡಿಸಿಬಿಡುತ್ತದೆ.

ಪ್ರಶ್ನೆ: ಕೋನ್ 6ರ ಗ್ಲೇಜ್ (ಬಟ್ಟಲಿನ ಮೇಲಿನ ಗಾಜಿನಂಥ ಲೇಪ). ಗಂಟೆಗೆ 150ರಂತೆ ಏರಿಸಿ, ಡಿಸ್‌ಪ್ಲೇ 1222 ತೋರಿಸಿದ ಕೂಡಲೇ ಆಫ್ ಮಾಡಿದೆ. ತೆರೆದರೆ ಗ್ಲೇಜ್ ಒರಟೊರಟು, ಸರಿಯಾಗಿ ಕರಗೇ ಇಲ್ಲ. ಕೋನ್ 6 ಅಂದರೆ 1222 ತಾನೇ?

ಉತ್ತರ: ನಿಧಾನವಾಗಿ ಹೋದರೆ ಹೌದು. ಕೋನ್ ಅಂದರೆ ತಕ್ಕಷ್ಟು ಬಿಸಿ ಉಂಡಾಗ ಬಾಗುವ ಪುಟ್ಟ ಶಂಕು, 6 ಅದರ ದರ್ಜೆ. ಕೊನೆಯ 100 ಡಿಗ್ರಿಯನ್ನು ಗಂಟೆಗೆ 60ರಂತೆ ಏರಿಸಿದರೆ ಕೋನ್ 6 ಸುಮಾರು 1222ಕ್ಕೆ ಬಾಗುತ್ತದೆ. ನಿಮ್ಮಂತೆ 150ರಲ್ಲಿ ಓಡಿಸಿದರೆ ಅದೇ ಕೋನ್ ಬಾಗಲು ಸುಮಾರು 1243 ಬೇಕು. ಅನ್ನ ಬೇಯಲು ಬಿಸಿ ಸಾಲದು, ಹೊತ್ತೂ ಬೇಕು ಅಲ್ವಾ? ಹಾಗೇ ಇದೂ. ಮುಂದಿನ ಸಲ ಕೊನೆಯ 100 ಡಿಗ್ರಿಗೆ 100 ನಿಮಿಷ ಕೊಡಿ.

ಜೊತೆಗೆ, ಡಿಸ್‌ಪ್ಲೇಯ ಕೆಂಪು ಅಂಕಿಯನ್ನು ಅತಿಯಾಗಿ ನಂಬಬೇಡಿ. ಅದು ಹೇಳುವುದು ಥರ್ಮೋಕಪಲ್ಲಿನ (ಒಳಗಿನ ಬಿಸಿ ಅಳೆಯುವ ಕಡ್ಡಿಯ) ತುದಿಯ ಬಿಸಿಯನ್ನು ಮಾತ್ರ. ಕೆಳಗಿನ ತಟ್ಟೆಯ ಮೂಲೆಯಲ್ಲಿ ಕೂತ ಬಟ್ಟಲಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಕೆ ಟೈಪ್ ಥರ್ಮೋಕಪಲ್ ಹೆಚ್ಚಿನ ಬಿಸಿಯಲ್ಲಿ ಹಳೆಯದಾಗ್ತಾ ಹೋದಂತೆ ಓದುವುದನ್ನೂ ತಪ್ಪುತ್ತದೆ. ಅದಕ್ಕೇ ನಾನು ಮೇಲಿನ ಮತ್ತು ಕೆಳಗಿನ ತಟ್ಟೆ ಎರಡರಲ್ಲೂ 5, 6, 7ರ ಮೂರು ಕೋನ್ ನಿಲ್ಲಿಸುತ್ತೇನೆ. 5 ಪೂರ್ತಿ ಮಲಗಿ, 6 ಬಾಗಿ ತಲೆ ತಾಗಿಸಿ, 7 ನೆಟ್ಟಗೆ ನಿಂತಿದ್ದರೆ ಸರಿ. ಕೋನ್ ಒಂದು ಹೇಳಿ ಡಿಸ್‌ಪ್ಲೇ ಇನ್ನೊಂದು ಹೇಳಿದರೆ ನಾನು ಕೋನ್ ಕಡೆ.

ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಒಮ್ಮೆ ಥರ್ಮೋಕಪಲ್ ನಾನೇ ಬದಲಾಯಿಸಿದೆ, ದೊಡ್ಡ ಜಾಣೆಯ ಹಾಗೆ. ಪ್ಲಸ್, ಮೈನಸ್ ತಂತಿ ಅದಲುಬದಲಾಯಿತು. ಕಿಲ್ನ್ ಶುರು ಮಾಡಿದರೆ ಅಂಕಿ 28, 24, 19 ಎಂದು ಇಳಿಯುತ್ತಿದೆ! ಕಂಟ್ರೋಲರ್ ಸತ್ತಿತು ಎಂದು ಬೈದುಕೊಂಡು ಅದರ ಬೆನ್ನಿಗೆ ಎರಡು ತಟ್ಟಿದೆ. ಆಮೇಲೆ ಬಾಗಿಲ ಹತ್ತಿರ ಕೈ ಹಿಡಿದಾಗ ಗೊತ್ತಾಯಿತು, ಒಳಗೆ ಕಾಯುತ್ತಿದೆ. ಒಳಗೆ ಚಳಿ ಎಂದು ನಂಬಿದ ಕಂಟ್ರೋಲರ್ ಪೂರ್ತಿ ಕರೆಂಟು ಬಿಡುತ್ತಲೇ ಇತ್ತು. ನೇರ ಹೋಗಿ ಮೇನ್ ಸ್ವಿಚ್ ಆರಿಸಿದೆ. ಈಗ ತಂತಿ ಮುಟ್ಟಿದ ಮೇಲೆಲ್ಲ ಮೊದಲ ಹತ್ತು ನಿಮಿಷ ಅಲ್ಲೇ ನಿಂತು ಅಂಕಿ ಏರುವುದನ್ನು ಕಣ್ಣಾರೆ ನೋಡುತ್ತೇನೆ.

ಪ್ರಶ್ನೆ: ಎರಡು ವರ್ಷ ಚೆನ್ನಾಗಿದ್ದ ಕಿಲ್ನ್ ಈಗ 1150 ದಾಟಲು ಒದ್ದಾಡುತ್ತಿದೆ. ಕೆಳಗಿನ ಹಸಿರು ಅಂಕಿ ಮುಂದೆ ಹೋಗುತ್ತದೆ, ಕೆಂಪು ಹಿಂದೆ ಉಳಿಯುತ್ತದೆ.

ಉತ್ತರ: ಹಸಿರು ಅಂಕಿ ನೀವು ಕೇಳಿದ್ದು, ಕೆಂಪು ಅಂಕಿ ಸಿಕ್ಕಿದ್ದು. ಬಹುಶಃ ಎಲಿಮೆಂಟ್, ಅಂದರೆ ಬಿಸಿ ಕೊಡುವ ತಂತಿ ಸುರುಳಿ, ಸವೆದಿದೆ. ಸುಡುತ್ತಾ ಸುಡುತ್ತಾ ಅದರ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ, ಹರಿಯುವ ಕರೆಂಟು ಕಡಿಮೆಯಾಗುತ್ತದೆ. ಮೇನ್ ಆಫ್ ಮಾಡಿ, ಎಲೆಕ್ಟ್ರೀಷಿಯನ್ ಕೈಯಲ್ಲಿ ಒಂದೊಂದೇ ಎಲಿಮೆಂಟ್ ಅಳೆಸಿ. ವೋಲ್ಟೇಜ್ ಇಳಿದಿದ್ದರೂ ಹೀಗೇ ಆಗುತ್ತದೆ, ಅದನ್ನೂ ನೋಡಿಸಿ. ಕಂಟ್ರೋಲರ್ ಬದಲಾಯಿಸಲು ಹೊರಟಿದ್ದರೆ ಸ್ವಲ್ಪ ತಡೆಯಿರಿ.

ಪ್ರಶ್ನೆ: ಒಳಗಿನಿಂದ ಟಕ್ ಟಕ್ ಸದ್ದು ಬರುತ್ತದೆ. ಭಯವಾಗುತ್ತದೆ.

ಉತ್ತರ: ರಿಲೇ ಎಂಬ ಸ್ವಿಚ್ ಕರೆಂಟು ಕೊಟ್ಟು ಕಡಿಯುವ ಸದ್ದು ಅದು, ಭಯ ಬೇಡ. ಸದ್ದು ನಿಂತು, ಗುರಿ ಮುಟ್ಟಿದ ಮೇಲೂ ಅಂಕಿ ಏರುತ್ತಲೇ ಇದ್ದರೆ ಆಗ ಓಡಿ. ರಿಲೇ ಒಳಗೇ ಅಂಟಿಕೊಂಡಿರಬಹುದು, ಆಗ ಕಂಟ್ರೋಲರ್ ಕೈಯಲ್ಲಿ ಏನೂ ಇಲ್ಲ. ಮೇನ್ ಸ್ವಿಚ್ಚೇ ಗತಿ. ಅದಕ್ಕೇ ಸುಡುವಿಕೆಯ ಕೊನೆಯ ಒಂದೆರಡು ಗಂಟೆ ನಾನು ಬೇರೆಲ್ಲೂ ಹೋಗುವುದಿಲ್ಲ.

ಪ್ರಶ್ನೆ: ಎಷ್ಟಕ್ಕೆ ಇಳಿದರೆ ಬಾಗಿಲು ತೆರೆಯಬಹುದು? 200 ಸಾಕಾ?

ಉತ್ತರ: ಸಾಲದು, 100ರ ಕೆಳಗೆ ಬರಲಿ. ನಾನೂ ಒಮ್ಮೆ ತಡೆಯಲಾರದೆ ಸುಮ್ನೆ ಒಂದಿಷ್ಟು ಸರಿಸಿ ಇಣುಕಿದ್ದೆ. ಟಿಂಗ್, ಟಿಂಗ್ ಎಂದು ಇಂಪಾಗೇ ಕೇಳಿಸಿತು. ಗ್ಲೇಜ್ ಬಿರುಕು ಬಿಡುವ ಸದ್ದು ಅದು.