ಎತ್ತರಿಸಿದ ಪಿಕಪ್, ಏಳು ಸಾವಿರ ಪೌಂಡಿನ ಟ್ರೇಲರ್

ಪ್ರಶ್ನೆ: ನನ್ನ ಅರ್ಧ ಟನ್ ಪಿಕಪ್‌ಗೆ ಆರು ಇಂಚಿನ ಲಿಫ್ಟ್ ಕಿಟ್ ಹಾಕಿಸಿ, 32 ಇಂಚಿನ ಟೈರುಗಳನ್ನು ತೆಗೆದು 35 ಇಂಚಿನವನ್ನು ಕೂರಿಸಿದ್ದೇನೆ. ಜುಲೈನಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಸಾಮಾನು ತುಂಬಿದರೆ 7,000 ಪೌಂಡ್ ತೂಗುವ ಟ್ರಾವೆಲ್ ಟ್ರೇಲರ್ ಎಳೆದುಕೊಂಡು ನಾಲ್ವರೂ ಕೊಲರಾಡೊಗೆ ಹೋಗುವ ಆಸೆ. ಕೈಪಿಡಿಯಲ್ಲಿ 9,000 ಪೌಂಡ್ ಎಳೆಯಬಹುದು ಎಂದಿದೆ. ಹೋಗಬಹುದೇ?
– ಓದುಗರೊಬ್ಬರು, ಡಲ್ಲಾಸ್

ಉತ್ತರ: ಈಗಿರುವಂತೆ ಖಂಡಿತ ಬೇಡ. ಆ 9,000 ಕಾರ್ಖಾನೆಯಿಂದ ಹೊರಟ ಗಾಡಿಗೆ ಬರೆದ ಲೆಕ್ಕ.

ಲಿಫ್ಟಿನಿಂದ ಆರು ಇಂಚು, ಟೈರಿನಿಂದ ಒಂದೂವರೆ. ನಿಮ್ಮ ಹಿಚ್, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿ, ಏಳೂವರೆ ಇಂಚು ಮೇಲೇರಿದೆ. ಹಾಗೆಯೇ ಸಿಕ್ಕಿಸಿದರೆ ಟ್ರೇಲರಿನ ಮೂತಿ ಎದ್ದು, ಭಾರ ಅದರ ಹಿಂದಿನ ಆಕ್ಸಲಿಗೆ ಜಾರುತ್ತದೆ. ಎತ್ತಿನ ಗಾಡಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ: ಹಿಂಭಾರವಾದರೆ ನೊಗ ಮೇಲೇಳುತ್ತದೆ, ಗಾಡಿ ಎತ್ತುಗಳ ಹಿಡಿತಕ್ಕೆ ಸಿಗುವುದಿಲ್ಲ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಹಿಚ್ ಮೇಲೆ ಕೂರಬೇಕು. ನಿಮ್ಮದಕ್ಕೆ 700ರಿಂದ 1,050 ಪೌಂಡ್.

ಹದಿನೈದು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದ್ದೆ. ಡೆನ್ವರ್‌ನಿಂದ ಪಶ್ಚಿಮಕ್ಕೆ ಹೆದ್ದಾರಿ 70ರಲ್ಲಿ ಫ್ಲಾಯ್ಡ್ ಹಿಲ್ ಇಳಿಯುತ್ತಿದ್ದೆ. ಎಡಗನ್ನಡಿಯಲ್ಲಿ ಟ್ರೇಲರಿನ ಮೂಲೆ ಕಾಣಿಸಿತು, ಮರುಕ್ಷಣ ಬಲಗನ್ನಡಿಯಲ್ಲಿ, ಮತ್ತೆ ಎಡದಲ್ಲಿ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಯಲ್ಲಿದ್ದಳು. ಪಿಕಪ್ಪಿನ ಬ್ರೇಕ್ ತುಳಿಯಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಸುವ ಕಂಟ್ರೋಲರಿನ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಹಿಂದಿನಿಂದ ಹಗ್ಗ ಜಗ್ಗಿದಂತೆ ಗಾಡಿ ನೆಟ್ಟಗಾಯಿತು. ಆಮೇಲೆ ತೂಗಿಸಿದಾಗ 6,000 ಪೌಂಡಿನ ಟ್ರೇಲರಿಗೆ ಹಿಚ್ ಮೇಲಿದ್ದದ್ದು ಬರೀ 420.

ಆದ್ದರಿಂದ ಮೊದಲು ಆಳವಾದ ಡ್ರಾಪ್ (ಕೊಂಡಿಯನ್ನು ಕೆಳಗಿಳಿಸುವ ತೋಳು) ಇರುವ, ಭಾರ ಹಂಚುವ ಹಿಚ್ ತನ್ನಿ. ಉದ್ದನೆಯ ಡ್ರಾಪ್ ರಿಸೀವರನ್ನು, ಅಂದರೆ ಹಿಚ್ ತೂರಿಸುವ ಪಿಕಪ್ಪಿನ ಕೊಳವೆಯನ್ನು, ಸನ್ನೆಗೋಲಿನಂತೆ ತಿರುಚುತ್ತದೆ, ಹಾಗಾಗಿ ಹಿಚ್ ಮೇಲೆ ಅಚ್ಚೊತ್ತಿದ ಪೌಂಡ್ ಮಿತಿಯನ್ನು ಓದದೆ ಕೊಳ್ಳಬೇಡಿ. ಸಮತಟ್ಟು ನೆಲದಲ್ಲಿ ಟ್ರೇಲರ್ ಮಟ್ಟಸವಾಗಿ ನಿಲ್ಲಬೇಕು.

ಗೇರಿನ ಮಾತು ಚಿಕ್ಕದು. ಆಕ್ಸಲ್ ಅನುಪಾತ (ಹೆಚ್ಚಿದಷ್ಟೂ ಎಳೆಯುವ ಬಲ ಹೆಚ್ಚು) 3.73 ಇದ್ದರೆ ದೊಡ್ಡ ಟೈರಿನೊಂದಿಗೆ ಅದು 3.41ರಂತೆ ಎಳೆಯುತ್ತದೆ. ಅದೇ ಹೆದ್ದಾರಿ 70ರ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಆ ಏರಿಗೆ ಮುನ್ನ 4.10 ಗೇರ್ ಹಾಕಿಸಿ.

ನನಗೆ ನಿಜವಾಗಿ ಭಯವಿರುವುದು ಚಾಲಕನ ಬಾಗಿಲ ಚೌಕಟ್ಟಿನ ಹಳದಿ ಚೀಟಿಯ ಬಗ್ಗೆ. ಜನ, ಸಾಮಾನು, ಹಿಚ್ ಭಾರ ಎಲ್ಲ ಸೇರಿ ಪಿಕಪ್ ಹೊರಬಹುದಾದ ಮಿತಿ ಅದು. ಅಲ್ಲಿ 1,500 ಪೌಂಡ್ ಎಂದಿದ್ದರೆ, ಹಿಚ್ ಭಾರ 900, ನಾಲ್ಕು ಜನ 600, ಅಲ್ಲಿಗೆ ಮುಗಿಯಿತು. ಲಿಫ್ಟ್ ಕಿಟ್, ಟೈರುಗಳ ಹೆಚ್ಚುವರಿ ತೂಕ, ಅಮ್ಮ ತರುವ ಚಟ್ನಿಪುಡಿ ಡಬ್ಬಿ ಯಾವುದಕ್ಕೂ ಜಾಗವಿಲ್ಲ. ಲಿಫ್ಟ್ ಹಾಕಿಸಿದ್ದರಿಂದ ಆ ಅಂಕಿ ಒಂದು ಪೌಂಡೂ ಹೆಚ್ಚುವುದಿಲ್ಲ.

ಹೆದ್ದಾರಿಯ ಲಾರಿ ನಿಲ್ದಾಣದ ತೂಕದ ಸೇತುವೆಗೆ ಟ್ರೇಲರ್ ಸಮೇತ ಒಮ್ಮೆ, ಬಿಟ್ಟು ಒಮ್ಮೆ ಹೋಗಿ. ಆ ಎರಡು ರಸೀದಿ ಮತ್ತು ಬಾಗಿಲ ಚೀಟಿಯ ಚಿತ್ರ ಕಳಿಸಿ. ಜುಲೈಗೆ ಮುಂಚೆ ಉತ್ತರ ಬರೆಯುತ್ತೇನೆ.