ಪ್ರೊಲ್ಯಾಕ್ಟಿನೋಮಾ ಇದ್ದವರು ಹಾಲು, ರಾಗಿ ಬಿಡಬೇಕೇ?

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯ ಕೋಶಗಳಲ್ಲಿ ಕ್ಯಾಲ್ಸಿಯಂ ಏರಿದರೆ ಹಾರ್ಮೋನ್ ಹೆಚ್ಚು ಸುರಿಯುತ್ತದೆ ಅಂತ ಎಲ್ಲೋ ಓದಿ, ಪ್ರೊಲ್ಯಾಕ್ಟಿನೋಮಾ (ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಅತಿಯಾಗಿ ಸುರಿಸುವ ಪಿಟ್ಯುಟರಿ ಗೆಡ್ಡೆ) ಇರುವ ತಂಗಿಗೆ ಹಾಲು, ರಾಗಿ ಅಂಬಲಿ ಎರಡನ್ನೂ ನಿಲ್ಲಿಸಿದ್ದೀರಿ. ಇದು ಸರಿಯೇ ಅಂತ ನಿಮ್ಮ ಪ್ರಶ್ನೆ. ಕೊನೆಗೆ ಹೇಳುವ ಒಂದು ಸಂದರ್ಭ ಬಿಟ್ಟರೆ, ಧಾರಾಳವಾಗಿ ಕೊಡಿ. ನೀವು ಓದಿದ್ದು ಸುಳ್ಳಲ್ಲ, ಆದರೆ ಆ ಏರಿಳಿತಕ್ಕೂ ಅಂಬಲಿಗೂ ಸಂಬಂಧವಿಲ್ಲ.

ಪಿಎಚ್‌ಡಿ ಮಾಡುವಾಗ ನಾನು ಜಿಎಚ್3 ಎಂಬ ಕೋಶಗಳನ್ನು ಸಾಕುತ್ತಿದ್ದೆ. ಇಲಿಯ ಪಿಟ್ಯುಟರಿ ಗೆಡ್ಡೆಯಿಂದ ಬಂದ ಈ ಸಂತಾನ 1960ರ ದಶಕದಿಂದ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇದೆ. ಅವಕ್ಕೆ ಕ್ಯಾಲ್ಸಿಯಂ ಮಟ್ಟ ತೋರಿಸುವ ಫ್ಯೂರಾ-2 ಬಣ್ಣ ಕುಡಿಸಿ, ಕತ್ತಲೆ ಕೋಣೆಯಲ್ಲಿ 340 ಮತ್ತು 380 ನ್ಯಾನೋಮೀಟರ್ ಬೆಳಕನ್ನು ಸರದಿಯಂತೆ ಹಾಯಿಸುತ್ತಾ ಗಂಟೆಗಟ್ಟಲೆ ಕೂರುತ್ತಿದ್ದೆ. ಯಾರೂ ಕೆಣಕದಿದ್ದರೂ ಪರದೆಯ ಮೇಲಿನ ಕ್ಯಾಲ್ಸಿಯಂ ಗೆರೆ ಸುಮ್ಮನಿರದು. ಈ ಕೋಶಗಳು ನರಕೋಶಗಳಂತೆ ತಾವಾಗಿಯೇ ಮಿಡಿಯುತ್ತವೆ. ಮಿಡಿದಾಗಲೆಲ್ಲ ಪೊರೆಯಲ್ಲಿನ ಚಾನೆಲ್ ಎಂಬ ಬಾಗಿಲು ತೆರೆದು ಒಂದಿಷ್ಟು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಪಿಟ್ಯುಟರಿಯನ್ನು ಕೆಣಕುವ ಟಿಆರ್‌ಎಚ್ ಹಾರ್ಮೋನ್ ಹನಿಸಿದರೆ ಕೆಲವೇ ಸೆಕೆಂಡಿನಲ್ಲಿ ಗೆರೆ ಚಿಮ್ಮುತ್ತದೆ, ಇಳಿಯುತ್ತದೆ, ಆದರೆ ಮೊದಲಿನ ಮಟ್ಟಕ್ಕೆ ಬಾರದೆ ದಿಣ್ಣೆಯಂತೆ ನಿಂತುಬಿಡುತ್ತದೆ. ಹೊರಗಿನ ದ್ರವದಿಂದ ಕ್ಯಾಲ್ಸಿಯಂ ತೆಗೆದು ಮತ್ತೆ ಹನಿಸಿದರೆ ಚಿಮ್ಮುವುದು ಚಿಮ್ಮುತ್ತದೆ, ದಿಣ್ಣೆ ಮಾತ್ರ ಮಾಯ. ಮೊದಲ ಚಿಮ್ಮು ಕೋಶದೊಳಗಿನ ದಾಸ್ತಾನಿನದು, ಆಮೇಲಿನದು ಹೊರಗಿನಿಂದ ಬಂದದ್ದು. ಇದನ್ನು ಮೊದಲ ಸಲ ಕಣ್ಣಾರೆ ಕಂಡ ದಿನ ಊಟ ಮರೆತಿದ್ದೆ.

ಸುಮ್ಮನಿರುವ ಕೋಶದೊಳಗೆ ತೇಲುವ ಕ್ಯಾಲ್ಸಿಯಂ ಹೊರಗಿನದರ ಸುಮಾರು 10,000ದಲ್ಲಿ ಒಂದು ಪಾಲು. ನುಗ್ಗುವುದಕ್ಕೆ ಹೊರಗೆ ಯಾವತ್ತೂ ಬೇಕಾದಷ್ಟಿದೆ; ಬಾಗಿಲು ಎಷ್ಟು ಸಲ, ಎಷ್ಟು ಹೊತ್ತು ತೆರೆಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ನಿಮ್ಮ ತಂಗಿ ಹಾಲು ಬಿಟ್ಟರೂ ಪ್ಯಾರಾಥೈರಾಯ್ಡ್ ಗ್ರಂಥಿ ರಕ್ತದ ಮಟ್ಟ ಇಳಿಯಗೊಡದು, ಮೂಳೆಯಿಂದ ಕಿತ್ತು ತಂದಾದರೂ ತುಂಬುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚಿ ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಮೊದಲೇ ಸವೆಯುತ್ತಿರುತ್ತದೆ. ಅದರ ಮೇಲೆ ಈ ಪಥ್ಯ ಬೇರೆ!

ಬಾಗಿಲು ಮುಚ್ಚಿಸುವ ಕೆಲಸವನ್ನು ಪ್ರೊಲ್ಯಾಕ್ಟಿನೋಮಾಕ್ಕೆ ಕೊಡುವ ಕ್ಯಾಬರ್ಗೊಲಿನ್ ಮಾತ್ರೆ ಮಾಡುತ್ತದೆ. ಅದು ಪ್ರೊಲ್ಯಾಕ್ಟಿನ್ ತಡೆಯುವ ಡೋಪಮಿನ್‌ನ ವೇಷದಲ್ಲಿ ಹೋಗಿ ಪೊಟ್ಯಾಶಿಯಂ ಚಾನೆಲ್ ತೆರೆಸುತ್ತದೆ, ಮಿಡಿತ ತಣ್ಣಗಾಗುತ್ತದೆ, ಕ್ಯಾಲ್ಸಿಯಂ ಒಳಬರುವುದು ಇಳಿಯುತ್ತದೆ. ಹಾಗಾದರೆ ಬಿಪಿಗೆ ಕೊಡುವ, ಕ್ಯಾಲ್ಸಿಯಂ ಚಾನೆಲ್ ಮುಚ್ಚುವ ಮಾತ್ರೆಯೇ ಸಾಕಲ್ಲ ಅಂತ ನಾನೂ ಒಮ್ಮೆ ಗೈಡ್ ಮುಂದೆ ಜಾಣತನ ತೋರಿಸಿ ಪೆಚ್ಚಾದೆ. ಅಂಥದ್ದೇ ಒಂದು ಮಾತ್ರೆ, ವೆರಾಪಮಿಲ್, ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಏರಿಸುತ್ತದೆ, ಮಿದುಳಿನಿಂದ ಬರಬೇಕಾದ ಡೋಪಮಿನ್ನನ್ನೇ ಅದು ತಗ್ಗಿಸುವುದರಿಂದ. ತಂಗಿಗೆ ಬಿಪಿ ಇದ್ದು ಈ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ತಾವಾಗಿ ನಿಲ್ಲಿಸಬೇಡಿ.

ಇನ್ನು ಆ ಸಂದರ್ಭ. ರಕ್ತದ ಕ್ಯಾಲ್ಸಿಯಂ ರಿಪೋರ್ಟಿನಲ್ಲೇ ಜಾಸ್ತಿ ಬಂದಿದ್ದರೆ, ಪ್ಯಾರಾಥೈರಾಯ್ಡ್ ಮತ್ತು ಪಿಟ್ಯುಟರಿ ಎರಡರಲ್ಲೂ ಗೆಡ್ಡೆ ಬರಿಸುವ ಎಂಇಎನ್1 ಎಂಬ ವಂಶವಾಹಿ ಕಾಯಿಲೆ ಇದೆಯೇ ಅಂತ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ನೋಡಬೇಕಾಗುತ್ತದೆ. ಆಗ ಹಾಲು, ರಾಗಿ, ಕ್ಯಾಲ್ಸಿಯಂ ಮಾತ್ರೆ ಎಲ್ಲವನ್ನೂ ಅವರನ್ನು ಕೇಳಿಯೇ ಕೊಡಿ.